ಕಾರ್ಡ್ ರೀಡರ್ ಜೋಡಿಸುವಾಗ ನಾನು ಮೊದಲು ನೋಡುವುದು ತಂತಿಯನ್ನು

ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಚೇರಿಗೆ ನಾಲ್ಕು ಬಾಗಿಲಿನ ಕಂಟ್ರೋಲರ್, ಅಂದರೆ ಯಾವ ಕಾರ್ಡಿಗೆ ಬಾಗಿಲು ಬಿಡಬೇಕೆಂದು ನಿರ್ಧರಿಸುವ ಪೆಟ್ಟಿಗೆ, ಅಳವಡಿಸುವ ಕೆಲಸ ಇತ್ತೀಚೆಗೆ ನನಗೆ ಬಂದಿತ್ತು. ಕಂಟ್ರೋಲರ್ ಇರುವುದು ಎರಡನೆಯ ಮಹಡಿಯ ಸರ್ವರ್ ಕೋಣೆಯಲ್ಲಿ. ಬಾಗಿಲುಗಳು ಒಂದೊಂದು ಒಂದೊಂದು ಮೂಲೆಗೆ. ಇಂಥ ಕೆಲಸದಲ್ಲಿ ಎಲ್ಲರ ಕಣ್ಣೂ ಸಾಫ್ಟ್‌ವೇರ್ ಮೇಲಿರುತ್ತದೆ. ಆದರೆ ನನಗೆ ಬರುವ ದೂರುಗಳಲ್ಲಿ ಬಹುಪಾಲು ರೀಡರ್‌ಗೂ ಕಂಟ್ರೋಲರ್‌ಗೂ ನಡುವಿನ ಐದಾರು ಎಳೆ ತಂತಿಯಲ್ಲೇ ಹುಟ್ಟಿರುತ್ತವೆ.

ಹಾಗಾಗಿ ಕೇಬಲ್ ಕೊಳ್ಳಲು ಎಸ್.ಪಿ. ರಸ್ತೆಗೆ ನಾನೇ ಹೋಗುತ್ತೇನೆ. ಅಂಗಡಿಯಲ್ಲೇ ಒಂದು ಎಳೆಯ ಸಿಪ್ಪೆ ಸುಲಿದು ಬ್ಲೇಡಿನಿಂದ ಕೆರೆದು ನೋಡುತ್ತೇನೆ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ. ಅದರಲ್ಲಿ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ, ಸ್ಕ್ರೂ ಬಿಗಿದ ಕಡೆ ಮುರಿಯುತ್ತದೆ. ರೀಡರ್‌ಗೆ ನನ್ನ ಆಯ್ಕೆ 22 ಗೇಜಿನ, ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಆರು ಎಳೆಯ ಕೇಬಲ್. ಶೀಲ್ಡನ್ನು ಕಂಟ್ರೋಲರ್ ಕಡೆ ಮಾತ್ರ ಅರ್ಥ್‌ಗೆ ಸೇರಿಸುತ್ತೇನೆ, ರೀಡರ್ ಕಡೆ ಕತ್ತರಿಸಿ ಟೇಪ್ ಸುತ್ತುತ್ತೇನೆ.

ಒಂದು ಬಾಗಿಲಿಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಆಗಲೇ ಬಂದು ಕುಳಿತಿತ್ತು. "ಸರ್, ಇದರಲ್ಲೇ ಮುಗಿಸಿಬಿಡೋಣವೇ?" ಎಂದು ಎಲೆಕ್ಟ್ರಿಷಿಯನ್ ಕೇಳಿದರು. ಮುಗಿಸಬಹುದು, ಆದರೆ ರೀಡರ್‌ನ ಮಾಹಿತಿ ತಂತಿಗಳಾದ ಡಿ0, ಡಿ1 ಎರಡನ್ನೂ ಒಂದೇ ಹೆಣೆದ ಜೋಡಿಗೆ ಹಾಕಬಾರದು. ಒಂದರ ಮಿಡಿತ ಇನ್ನೊಂದಕ್ಕೆ ಹಾಯುತ್ತದೆ. ಎರಡನ್ನೂ ಬೇರೆ ಬೇರೆ ಜೋಡಿಗೆ ಹಾಕಿ, ಪ್ರತಿಯೊಂದರ ಜೊತೆಗಾರ ತಂತಿಯನ್ನು ಗ್ರೌಂಡ್‌ಗೆ (ಸಪ್ಲೈನ ಮೈನಸ್‌ಗೆ) ಕೊಟ್ಟೆವು. ಲಿಫ್ಟಿನ ಪವರ್ ಕೇಬಲ್ ಹೋಗುವ ಡಕ್ಟನ್ನು ಬಿಟ್ಟು ಬೇರೆ ದಾರಿಯಲ್ಲಿ ಎಳೆಸಿದೆ.

ರೀಡರ್‌ನಿಂದ ಕಂಟ್ರೋಲರ್‌ಗೆ ಕಾರ್ಡಿನ ಸಂಖ್ಯೆ ಕಳಿಸುವ ಹಳೆಯ ವೀಗಂಡ್ ಪದ್ಧತಿ ನೋಡಲು ಸರಳ. ಎರಡೂ ತಂತಿಗಳು ಸುಮ್ಮನಿರುವಾಗ 5 ವೋಲ್ಟ್‌ನಲ್ಲಿ ನಿಂತಿರುತ್ತವೆ. ಸೊನ್ನೆ ಕಳಿಸಲು ಡಿ0, ಒಂದು ಕಳಿಸಲು ಡಿ1 ಸುಮಾರು 50 ಮೈಕ್ರೋಸೆಕೆಂಡ್ ಕೆಳಗಿಳಿಯುತ್ತದೆ. ಆ ಇಳಿತವನ್ನು ಕಂಟ್ರೋಲರ್ ತನ್ನ ಗ್ರೌಂಡ್‌ಗೆ ಹೋಲಿಸಿಯೇ ಗುರುತಿಸಬೇಕು. ರೀಡರ್‌ಗೆ ಬೇರೆ ಅಡಾಪ್ಟರ್ ಕೊಟ್ಟು, ಅದರ ಮೈನಸ್ಸನ್ನು ಕಂಟ್ರೋಲರ್‌ನ ಗ್ರೌಂಡ್‌ಗೆ ಸೇರಿಸದೆ ಬಿಟ್ಟ ಜಾಗಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅಂಥಲ್ಲಿ ಕಾರ್ಡ್ ಒಮ್ಮೆ ಓದುತ್ತದೆ, ಇನ್ನೊಮ್ಮೆ ಇಲ್ಲ.

ಹಸಿರು (ಡಿ0) ಮತ್ತು ಬಿಳಿ (ಡಿ1) ತಂತಿ ಅದಲು ಬದಲಾದರೆ ಕಥೆ ಬೇರೆ. ರೀಡರ್ ಬೀಪ್ ಎನ್ನುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಬೀಪ್ ರೀಡರ್‌ನ ಸ್ವಂತದ್ದು. ಕಂಟ್ರೋಲರ್‌ಗೆ ತಲುಪಿದ 26 ಬಿಟ್‌ಗಳೆಲ್ಲ, ಅಂದರೆ ಸೊನ್ನೆ-ಒಂದುಗಳೆಲ್ಲ, ತಿರುವುಮುರುವಾಗಿ ತಪ್ಪು ಹಿಡಿಯಲೆಂದೇ ಇರುವ ಎರಡೂ ಪ್ಯಾರಿಟಿ ಬಿಟ್‌ಗಳ ಲೆಕ್ಕ ತಪ್ಪಿರುತ್ತದೆ. ಯಾವ ಕಾರ್ಡಿಗೂ ಬಾಗಿಲು ಬಗ್ಗದಿದ್ದರೆ ನಾನು ಮೊದಲು ಆ ಎರಡು ಸ್ಕ್ರೂಗಳನ್ನು ನೋಡುತ್ತೇನೆ.

ಕಾರ್ಡಿನ ಸಂಖ್ಯೆಯೂ ತಲೆ ತಿನ್ನುತ್ತದೆ. ಒಂದು ಕಾರ್ಡಿನ ಮೇಲೆ 0004671879 ಎಂದೂ ಪಕ್ಕದಲ್ಲಿ 071,18823 ಎಂದೂ ಅಚ್ಚಾಗಿತ್ತು. ಮಾನವ ಸಂಪನ್ಮೂಲ ವಿಭಾಗದವರ ಪಟ್ಟಿಯಲ್ಲಿ ಇದ್ದದ್ದು ಉದ್ದನೆಯ ಸಂಖ್ಯೆ, ಕಂಟ್ರೋಲರ್ ತೋರಿಸುತ್ತಿದ್ದದ್ದು ಎರಡನೆಯದು. ಎರಡೂ ಒಂದೇ: 71ನ್ನು 65536ರಿಂದ ಗುಣಿಸಿ 18823 ಕೂಡಿಸಿದರೆ 4671879. ಇಷ್ಟನ್ನು ಒಂದು ಸ್ಪ್ರೆಡ್‌ಶೀಟ್ ಸೂತ್ರವಾಗಿ ಬರೆದುಕೊಟ್ಟೆ. ಒಂದೊಂದೇ ಕಾರ್ಡನ್ನು ಕೈಯಿಂದ ತಿದ್ದುವ ಗೋಳು ಅವರಿಗೆ ತಪ್ಪಿತು.

ಬೀದಿಗೆ ಮುಖ ಮಾಡಿದ ಮುಂಬಾಗಿಲಿಗೆ ವೀಗಂಡ್ ಬೇಡವೆಂದು ನಾನು ಹಟ ಹಿಡಿದೆ. ಅದರಲ್ಲಿ ಸಂಖ್ಯೆ ಬರಿಮೈಯಲ್ಲಿ ಹೋಗುತ್ತದೆ. ಗೋಡೆಯಿಂದ ರೀಡರ್ ಕಿತ್ತು ತಂತಿಗೆ ಸಣ್ಣ ಸಲಕರಣೆ ಸಿಕ್ಕಿಸಿದವನು ಅದನ್ನು ಕದಿಯಬಹುದು. ಅಲ್ಲಿ ಒಎಸ್‌ಡಿಪಿ ಎಂಬ ಹೊಸ ಪದ್ಧತಿಯ ರೀಡರ್ ಹಾಕಿದೆ. ಆರ್‌ಎಸ್-485 ಎಂಬ ತಂತಿ ಸಂವಹನದ ಮೇಲೆ ಮಾಹಿತಿಗೆ ಎರಡೇ ತಂತಿ, ದೂರ 1200 ಮೀಟರ್‌ವರೆಗೆ, ಎಇಎಸ್-128 ಗೂಢಲಿಪೀಕರಣ. ವೀಗಂಡ್‌ನ ಮಿತಿ 150 ಮೀಟರ್. ಒಎಸ್‌ಡಿಪಿ 2020ರಲ್ಲಿ ಅಂತರರಾಷ್ಟ್ರೀಯ ಐಇಸಿ ಮಾನದಂಡವೂ ಆಗಿದೆ. ಆದರೆ ಕಾರ್ಖಾನೆಯಿಂದ ಬಂದ ಗೂಢಲಿಪಿಯ ಕೀಲಿಯನ್ನು ಹಾಗೆಯೇ ಬಿಟ್ಟರೆ ಈ ಭದ್ರತೆ ಕಾಗದದ ಮೇಲಷ್ಟೇ. ಒಂದೇ ಸಾಲಿನಲ್ಲಿ ಹಲವು ರೀಡರ್‌ಗಳಿದ್ದರೆ ಒಂದೊಂದನ್ನೇ ಜೋಡಿಸಿ ಬೇರೆ ಬೇರೆ ವಿಳಾಸ ಕೊಡಬೇಕು.

ಕರೆಂಟ್ ಇರುವವರೆಗೆ ಮಾತ್ರ ಬಾಗಿಲು ಹಿಡಿಯುವ ಮ್ಯಾಗ್ನೆಟಿಕ್ ಲಾಕ್ 12 ವೋಲ್ಟ್‌ನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬ್ಯಾಟರಿ ಸಹಿತ ಪ್ರತ್ಯೇಕ ಸಪ್ಲೈ ಕೊಟ್ಟು, ಲಾಕಿನ ಬುಡದಲ್ಲೇ 1ಎನ್4007 ಡಯೋಡನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಅದರ ಮೈಮೇಲೆ ಗೆರೆಯಿರುವ ತುದಿ ಪ್ಲಸ್‌ಗೆ ಬರುವಂತೆ ಕಟ್ಟಿದೆ. ಲಾಕ್ ಬಿಡುವಾಗ ಚಿಮ್ಮುವ ವೋಲ್ಟೇಜನ್ನು ಅದು ಅಲ್ಲೇ ನುಂಗುತ್ತದೆ. ಗಾಜು ಒಡೆಯುವ ತುರ್ತು ಪೆಟ್ಟಿಗೆಯನ್ನೂ ಬೆಂಕಿ ಅಲಾರಂನ ರಿಲೇಯನ್ನೂ ನೇರವಾಗಿ ಲಾಕಿನ ಕರೆಂಟಿನ ದಾರಿಯಲ್ಲೇ ಕೂರಿಸಿದ್ದೇನೆ. ಹೊರಹೋಗುವ ಮನುಷ್ಯನ ಜೀವ ಯಾವ ಸಾಫ್ಟ್‌ವೇರ್‌ನ ಅಪ್ಪಣೆಗೂ ಕಾಯಬಾರದು. ಈ ವಿಷಯದಲ್ಲಿ ಗ್ರಾಹಕರ ಜೊತೆ ನಾನು ಚೌಕಾಸಿ ಮಾಡುವುದಿಲ್ಲ.

ನೆಟ್‌ವರ್ಕ್ ಕೆಲಸ ಬೇಗ ಮುಗಿಯಿತು: ಸ್ಥಿರ ಐಪಿ, ಪ್ರತ್ಯೇಕ ವಿಲ್ಯಾನ್ (ಕಚೇರಿಯ ಉಳಿದ ನೆಟ್‌ವರ್ಕ್‌ನಿಂದ ಬೇರ್ಪಡಿಸಿದ ಜಾಲ), ಹೊಸ ಪಾಸ್‌ವರ್ಡ್, ಸಮಯದ ಹೊಂದಾಣಿಕೆ.

ಒಪ್ಪಿಸುವ ದಿನ ಕಾವಲುಗಾರರನ್ನೂ ಕರೆದು ನಿಲ್ಲಿಸಿಕೊಂಡೆ. ನೆಟ್‌ವರ್ಕ್ ಕೇಬಲ್ ಕಿತ್ತಾಗ ಕಾರ್ಡುಗಳು ನಡೆದವು, ಅವುಗಳ ಪಟ್ಟಿ ಕಂಟ್ರೋಲರ್‌ನಲ್ಲೇ ಇರುತ್ತದೆ. ಮೇನ್ ಆರಿಸಿದಾಗ ಬ್ಯಾಟರಿ ಹಿಡಿಯಿತು. ತುರ್ತು ಪೆಟ್ಟಿಗೆ ಒತ್ತಿದೊಡನೆ ಬಾಗಿಲು ಬಿಟ್ಟುಕೊಂಡಿತು. ಮುಂಬಾಗಿಲ ರೀಡರ್‌ನ ತುದಿಯಲ್ಲಿ ಮಲ್ಟಿಮೀಟರ್ 11.8 ವೋಲ್ಟ್ ತೋರಿಸಿತು. ಅದನ್ನೂ ತಂತಿಗಳ ಬಣ್ಣದ ಪಟ್ಟಿಯನ್ನೂ ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ ಬಂದೆ, ಮುಂದೆ ರಿಪೇರಿಗೆ ಬರುವವರು ಯಾರೇ ಆಗಿರಲಿ, ಅವರ ಕೈಗೆ ಮೊದಲು ಅದು ಸಿಗಲಿ ಎಂದು.