ಬೈಕಿನ ಗೇರ್ ಬಾಕ್ಸ್ ಗುಂಯ್ ಅನ್ನುತ್ತಿದೆಯೇ? ಬಿಚ್ಚುವ ಮೊದಲು ಹೀಗೆ ಪತ್ತೆ ಹಚ್ಚಿ

ಆಟಿ ತಿಂಗಳ ಜಡಿಮಳೆ ಕಳೆದು ಬಿಸಿಲು ಕಾಣುವ ಹೊತ್ತಿಗೆ ನಮ್ಮ ಕರಾವಳಿಯ ಬೈಕುಗಳಿಂದ ಹೊಸ ಹೊಸ ಸದ್ದು ಹೊರಡುತ್ತವೆ. ಅದರಲ್ಲಿ ಜನರನ್ನು ಜಾಸ್ತಿ ಹೆದರಿಸುವುದು ಗುಂಯ್ ಎಂಬ ಎಳೆದ ಸದ್ದು. ವೇಗ ಏರಿದಂತೆ ಅದೂ ಏರುತ್ತದೆ. ಕೇಳಿದ ಕೂಡಲೇ "ಗೇರ್ ಬಾಕ್ಸ್ ಹೋಯ್ತು" ಎಂದು ತೀರ್ಮಾನ ಮಾಡುವವರೇ ಹೆಚ್ಚು.

ಆ ತೀರ್ಮಾನ ದುಬಾರಿ. ಈಗಿನ ಬಹುತೇಕ ಬೈಕುಗಳಲ್ಲಿ ಇಂಜಿನ್, ಗೇರ್ ಬಾಕ್ಸ್ ಎರಡೂ ಒಂದೇ ಕೇಸಿನೊಳಗೆ ಇರುತ್ತವೆ. ಒಂದು ಗೇರಿನ ಹಲ್ಲು ನೋಡಬೇಕೆಂದರೂ ಇಂಜಿನ್ ಇಳಿಸಬೇಕು, ಹೆಡ್ಡು, ಬೋರು ತೆಗೆಯಬೇಕು, ಕೇಸನ್ನು ಎರಡು ಹೋಳಾಗಿ ಬಿಡಿಸಬೇಕು. ಇಷ್ಟೆಲ್ಲ ಮಾಡಿ, ಕೊನೆಗೆ ಸದ್ದು ಚೈನಿನದ್ದು ಎಂದು ಗೊತ್ತಾದರೆ? ಹಾಗಾಗಿ ಸದ್ದು ಇಂಜಿನ್ನಿನ ಜೊತೆ ಏರಿಳಿಯುತ್ತದೋ, ಚಕ್ರದ ಜೊತೆ ಏರಿಳಿಯುತ್ತದೋ ಎಂದು ಖಚಿತವಾಗದೆ ಯಾರೂ ಇಂಜಿನ್ನಿಗೆ ಸ್ಪ್ಯಾನರ್ ಹಾಕಬಾರದು. ಇದನ್ನು ಮನೆಯಂಗಳದಲ್ಲೇ ನೀವು ಪತ್ತೆ ಮಾಡಬಹುದು.

ಮೊದಲೇ ಒಂದು ಸಮಾಧಾನದ ಮಾತು. ಬೈಕಿನ ಗೇರುಗಳ ಹಲ್ಲು ಸಾಮಾನ್ಯವಾಗಿ ನೇರವಾಗಿ ಕೊರೆದವು. ಇಂಥ ಹಲ್ಲು ಗಟ್ಟಿ, ಆದರೆ ಸ್ವಲ್ಪ ಸದ್ದು ಮಾಡುತ್ತದೆ. ಒಂದನೇ, ಎರಡನೇ ಗೇರಿನಲ್ಲಿ ತೆಳುವಾದ ಗುಂಯ್ ಸದ್ದು ಮೊದಲಿಂದಲೂ ಇದ್ದರೆ ಅದು ಕಾಯಿಲೆಯಲ್ಲ. ಹೊಸದಾಗಿ ಶುರುವಾದದ್ದು, ದಿನೇ ದಿನೇ ಏರುತ್ತಿರುವುದು, ದನಿ ಬದಲಾದದ್ದು ಇವಿಷ್ಟೇ ಚಿಂತೆಗೆ ಕಾರಣ.

ಶುರು ಆಯಿಲ್‌ನಿಂದ

ಬೈಕನ್ನು ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಇಂಜಿನ್ ಎರಡು ಮೂರು ನಿಮಿಷ ಓಡಲಿ. ಆಫ್ ಮಾಡಿ, ಮತ್ತೆ ಅಷ್ಟೇ ಹೊತ್ತು ಕಾದು ಆಯಿಲ್ ನೋಡಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇರುವ ಅನೇಕ ಗಾಡಿಗಳಲ್ಲಿ ಅದನ್ನು ತಿರುಗಿಸಿ ಬಿಗಿ ಮಾಡದೆ, ಸುಮ್ನೆ ಇಳಿಸಿ ನೋಡಬೇಕು. ನಿಮ್ಮ ಗಾಡಿಯ ಕ್ರಮ ಯಾವುದೆಂದು ಅದರ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. 100ರಿಂದ 150 ಸಿಸಿ ಬೈಕಿಗೆ ಹಿಡಿಯುವುದೇ ಸುಮಾರು ಒಂದು ಲೀಟರ್ ಆಯಿಲ್. ಅದೇ ಆಯಿಲ್ ಪಿಸ್ಟನ್ನಿಗೂ ಬೇಕು, ಕ್ಲಚ್ಚಿಗೂ ಬೇಕು, ಗೇರಿಗೂ ಬೇಕು. ಕಾಲು ಲೀಟರ್ ಕಮ್ಮಿಯಾದರೂ ಗೇರಿನ ದನಿಯಲ್ಲಿ ಗೊತ್ತಾಗುತ್ತದೆ.

ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ನೊರೆನೊರೆಯಾಗಿ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ನೆರೆ ನೀರಿನಲ್ಲಿ ಗಾಡಿ ಓಡಿಸಿದವರು ಇದನ್ನು ತಪ್ಪದೆ ನೋಡಬೇಕು. ಇಂಥ ಆಯಿಲ್‌ನಲ್ಲಿ ಒಂದು ದಿನವೂ ಓಡಿಸಬೇಡಿ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಹೊಸ ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್ಚಿಗೆ ಒಪ್ಪುವ ಆಯಿಲ್ ಎಂಬ ಗುರುತು) ಎಂದು ಇದೆಯೇ ನೋಡಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. 20ಡಬ್ಲ್ಯೂ-40 (ಆಯಿಲ್ ಎಷ್ಟು ದಪ್ಪ ಎಂಬ ಗುರುತು) ಹೇಳಿದ ಗಾಡಿಗೆ ಅದಕ್ಕಿಂತ ತೆಳುವಾದದ್ದು ಹಾಕಿದರೆ, ಬಿಸಿಯಾದ ಮೇಲೆ ಸದ್ದು ಏರುವುದುಂಟು.

ಹಳೇ ಗಾಡಿಯವರಿಗೆ ಇನ್ನೊಂದು ಮಾತು. ಎರಕದ ಕಬ್ಬಿಣದ ಇಂಜಿನ್ ಇರುವ ಹಳೇ ಬುಲೆಟ್‌ನಲ್ಲಿ ಗೇರ್ ಬಾಕ್ಸ್ ಬೇರೆಯೇ ಪೆಟ್ಟಿಗೆ, ಅದಕ್ಕೆ ಬೇರೆಯೇ ಆಯಿಲ್. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಉರಿಯುವ 2ಟಿ ಆಯಿಲ್ ಬೇರೆ, ಗೇರ್ ಬಾಕ್ಸಿನ ಆಯಿಲ್ ಬೇರೆ. 2ಟಿ ತುಂಬಿಸಿದೆವಲ್ಲ ಎಂದು ಗೇರ್ ಆಯಿಲ್ ಮರೆತರೆ ಗೇರುಗಳು ಒಣಗಿ ಕೂಗುತ್ತವೆ.

ಚೈನ್: ಮೊದಲ ಅನುಮಾನ ಇದರ ಮೇಲೆಯೇ ಇರಲಿ

ನಮ್ಮ ಊರಿನ ಗಾಳಿಯಲ್ಲಿ ಉಪ್ಪು, ನೆಲದಲ್ಲಿ ಮುರಕಲ್ಲಿನ ಕೆಂಪು ಹುಡಿ, ಆರು ತಿಂಗಳು ಒದ್ದೆ. ಚೈನಿಗೆ ಇದಕ್ಕಿಂತ ಕಷ್ಟದ ಊರು ಇನ್ನೊಂದಿಲ್ಲ. ಒಣಗಿದ ಚೈನ್ ಕರಕರ ಅನ್ನುತ್ತದೆ. ಬಿಗಿಯಾದ ಚೈನ್ ಮಾತ್ರ ಥೇಟ್ ಗೇರ್ ಬಾಕ್ಸಿನ ಹಾಗೇ ಗುಂಯ್ ಅನ್ನುತ್ತದೆ. ಸವಾರನಿಗೆ ಅದು ಕಾಲಿನ ಕೆಳಗಿಂದ ಬಂದಂತೆ ಕೇಳುವುದರಿಂದ ಮೋಸ ಹೋಗುವುದು ಸುಲಭ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಇಂಜಿನ್ ಆಫ್ ಇರಲಿ. ಎರಡು ಸ್ಪ್ರಾಕೆಟ್‌ಗಳ (ಚೈನ್ ಕೂರುವ ಹಲ್ಲುಚಕ್ರಗಳ) ನಡುವೆ, ಕೆಳಗಿನ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಸಾಮಾನ್ಯ ಗಾಡಿಗಳಿಗೆ 20ರಿಂದ 30 ಮಿಲಿಮೀಟರ್ ಆಟ ಇರಬೇಕು. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕಾರು ಕಡೆ ನೋಡಿ, ಯಾಕೆಂದರೆ ಸವೆದ ಚೈನ್ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಅತಿ ಬಿಗಿ ಇರುವ ಜಾಗವನ್ನೇ ಲೆಕ್ಕಕ್ಕೆ ಹಿಡಿಯಿರಿ. ಹಿಂದೆ ಒಬ್ಬರು ಕೂತರೆ ಶಾಕ್ ಅಬ್ಸಾರ್ಬರ್ ತಗ್ಗಿ ಚೈನ್ ಇನ್ನೂ ಬಿಗಿಯಾಗುತ್ತದೆ ಎಂಬುದೂ ನೆನಪಿರಲಿ. ಬಿಗಿ ಚೈನ್ ಸದ್ದು ಮಾಡಿ ಸುಮ್ಮನಿರುವುದಿಲ್ಲ. ಗೇರ್ ಬಾಕ್ಸಿನಿಂದ ಹೊರಗೆ ಬರುವ ಶಾಫ್ಟನ್ನು ಹಗಲೂ ರಾತ್ರಿ ಹಿಂದಕ್ಕೆ ಜಗ್ಗಿ, ಅದರ ಬೇರಿಂಗನ್ನೇ ತಿನ್ನುತ್ತದೆ. ಸುಳ್ಳು ಗೇರ್ ಬಾಕ್ಸ್ ಸದ್ದು ಕೊನೆಗೆ ನಿಜವಾಗುವುದು ಹೀಗೆ.

ಸೀಮೆಎಣ್ಣೆ, ಮೆತ್ತನೆಯ ಬ್ರಷ್‌ನಿಂದ ಚೈನ್ ತೊಳೆದು, ಒರೆಸಿ, 90 ಗೇರ್ ಆಯಿಲ್ ಹಚ್ಚಿ, ಆಟ ಸರಿ ಮಾಡಿ ಒಂದು ಸುತ್ತು ಹೋಗಿ ಬನ್ನಿ. ಸದ್ದು ಹೋಯಿತಾ? ಕೆಲಸ ಮುಗಿಯಿತು. ಹೋಗಲಿಲ್ಲವಾದರೆ ಮುಂದಿನ ಸ್ಪ್ರಾಕೆಟ್‌ನ ಮುಚ್ಚಳ ತೆಗೆಯಿರಿ. ಒಳಗೆ ಹಳೇ ಆಯಿಲ್, ಕೆಂಪು ಮಣ್ಣು, ಕಡಲ ಮರಳು ಸೇರಿ ಕಪ್ಪು ಮೇಣದಂತೆ ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ರೂ ಡ್ರೈವರ್‌ನಿಂದ ಕೆರೆದು ತೆಗೆಯಿರಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸಮೇತ ಸೆಟ್ ಬದಲಿಸುವ ಕಾಲ ಬಂದಿದೆ. ಈಗ ಚೈನ್ ಸಡಿಲಿಸಿ, ಸ್ಪ್ರಾಕೆಟ್ ಕೂತಿರುವ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟೇ ಕಟಕಟ ಆಡಿದರೆ, ಅದರ ಹಿಂದಿನ ಸೀಲಿನಿಂದ ಆಯಿಲ್ ಜಿನುಗಿದ್ದರೆ ಬೇರಿಂಗ್ ಸವೆದಿದೆ.

ರಸ್ತೆಯಲ್ಲಿ ಕಿವಿಗೊಟ್ಟು

ಬೆಳಿಗ್ಗೆ ಬೇಗ, ವಾಹನ ಇಲ್ಲದ ಸಪಾಟು ರಸ್ತೆಗೆ ಹೋಗಿ. ಉಡುಪಿಯವರಿಗೆ ಮಲ್ಪೆ ಪಡುಕೆರೆಯ ಕಡಲ ಬದಿಯ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ರಾಷ್ಟ್ರೀಯ ಹೆದ್ದಾರಿ 66 ಮಾತ್ರ ಖಂಡಿತ ಬೇಡ. ಮಂಗಳೂರಿನವರಿಗೆ ಒಂದು ಎಚ್ಚರಿಕೆ ಉಂಟು ಮಾರಾಯ್ರೆ: ನಗರದ ಕಾಂಕ್ರೀಟ್ ರಸ್ತೆಯಲ್ಲಿ ಟಯರೇ ಗುಂಯ್ ಅನ್ನುತ್ತದೆ. ಕಾಂಕ್ರೀಟ್‌ನಲ್ಲಿ ಕೇಳಿ, ಟಾರು ರಸ್ತೆಗೆ ಇಳಿದ ಕೂಡಲೇ ನಿಂತರೆ ಆ ಸದ್ದು ಟಯರಿನದ್ದು. ಪರೀಕ್ಷೆ ಟಾರು ರಸ್ತೆಯಲ್ಲೇ ಮಾಡಿ. ಉದ್ದಕ್ಕೆ ಮುರಕಲ್ಲಿನ ಪಾಗಾರ ಇರುವ ಕಡೆ ಹೋದರೆ ಸದ್ದು ಗೋಡೆಗೆ ಬಡಿದು ಇನ್ನೂ ಸ್ಪಷ್ಟವಾಗಿ ಕಿವಿಗೆ ಬರುತ್ತದೆ.

ಮೂರನೇ ಗೇರಿನಲ್ಲಿ 40 ಕಿಲೋಮೀಟರ್ ವೇಗ ಹಿಡಿದು ಕೇಳಿ. ಅದೇ 40ರಲ್ಲಿ ನಾಲ್ಕನೇ ಗೇರಿಗೆ ಹೋಗಿ. ಚಕ್ರದ ವೇಗ ಬದಲಾಗಲಿಲ್ಲ, ಇಂಜಿನ್ ಮಾತ್ರ ನಿಧಾನವಾಯಿತು ಅಲ್ವಾ? ಸದ್ದೂ ತಗ್ಗಿದರೆ ಅದು ಇಂಜಿನ್ ಕಡೆಯದ್ದು. ಒಂದಿಷ್ಟೂ ಬದಲಾಗದಿದ್ದರೆ ಚೈನ್, ಚಕ್ರದ ಬೇರಿಂಗ್, ಟಯರ್ ಅಥವಾ ಹೊರಗೆ ಬರುವ ಶಾಫ್ಟ್. ಈ ಒಂದು ಪರೀಕ್ಷೆಯೇ ಅರ್ಧ ಉತ್ತರ ಕೊಡುತ್ತದೆ. ಖಚಿತ ಮಾಡಿಕೊಳ್ಳಲು ಕ್ಲಚ್ ಹಿಡಿದು ನ್ಯೂಟ್ರಲ್ ಮಾಡಿ, ಗಾಡಿ ತಾನಾಗಿ ಉರುಳಲಿ. ಕೀ ಆಫ್ ಮಾಡಬೇಡಿ, ಹ್ಯಾಂಡಲ್ ಲಾಕ್ ಆದೀತು. ಉರುಳುವಾಗಲೂ ಸದ್ದು ಹಾಗೇ ಇದ್ದರೆ ಇಂಜಿನ್ನನ್ನು ಅನುಮಾನಿಸಬೇಕಾಗಿಲ್ಲ.

ಒಂದೇ ಗೇರಿನಲ್ಲಿ ಮಾತ್ರ ಕೂಗಿದರೆ ಆ ಗೇರಿನ ಜೋಡಿಯ ಹಲ್ಲು ಸವೆದಿದೆ. ಎಲ್ಲ ಗೇರಿನಲ್ಲೂ ಇದ್ದರೆ ಬೇರಿಂಗ್ ಅಥವಾ ಕ್ಲಚ್ಚನ್ನು ತಿರುಗಿಸುವ ಪ್ರೈಮರಿ ಗೇರ್. ಹಳೇ ಬುಲೆಟ್‌ನ ಲೆಕ್ಕ ಸ್ವಲ್ಪ ಬೇರೆ. ಅದರ ನಾಲ್ಕನೇ ಗೇರ್ ನೇರ ಜೋಡಣೆ, ಭಾರವು ಬದಿಯಲ್ಲಿರುವ ಎರಡನೇ ಶಾಫ್ಟಿಗೆ ಹೋಗುವುದೇ ಇಲ್ಲ. ಮೊದಲ ಮೂರರಲ್ಲಿ ಕೂಗಿ ನಾಲ್ಕರಲ್ಲಿ ಸುಮ್ಮನಾದರೆ ಆ ಬದಿಯ ಶಾಫ್ಟನ್ನು ನೋಡಿ.

ಭಾರ ಬಿದ್ದಾಗ ಹೇಗೆ ಎಂದು ನೋಡಲು ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ಏರು, ಮಂಗಳೂರಲ್ಲಿ ಕದ್ರಿ ಗುಡ್ಡದ ಏರು ಸಾಕು. ಎಕ್ಸಿಲರೇಟರ್ ಕೊಟ್ಟಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬಂದರೆ ಗೇರ್ ಹಲ್ಲಿನ ಒಂದು ಮಗ್ಗುಲು ಸವೆದಿರಬಹುದು. ಕೆಲವು ಗಾಡಿಗಳು ಆಗುಂಬೆ ಘಾಟಿ ಹತ್ತುವಾಗ ಸುಮ್ಮನಿದ್ದು, ಗೇರಿನಲ್ಲೇ ಇಳಿಯುವಾಗ ಕೂಗುವುದು ಇದಕ್ಕೇ.

ನಿಂತಲ್ಲೇ ಕ್ಲಚ್ ಪರೀಕ್ಷೆ

ಇದನ್ನು ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಾಡಿ. ತಣ್ಣಗಿದ್ದಾಗ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ಅಂಟಿಕೊಂಡು ಉತ್ತರ ತಪ್ಪಾಗುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಬಿಟ್ಟು ಕ್ಲಚ್ ಹಿಡಿಯಿರಿ. ಕ್ಲಚ್ ಬಿಟ್ಟಿರುವಾಗ ಗೇರ್ ಬಾಕ್ಸಿನ ಒಳಬರುವ ಶಾಫ್ಟ್ ತಿರುಗುತ್ತಿರುತ್ತದೆ, ಹಿಡಿದಾಗ ನಿಲ್ಲುತ್ತದೆ. ಹಿಡಿದ ಕೂಡಲೇ ಸದ್ದು ನಿಂತರೆ ಆ ಶಾಫ್ಟಿನ ಬೇರಿಂಗ್ ಅಥವಾ ಗೇರುಗಳು. ಹಿಡಿದರೂ ಮುಂದುವರಿದರೆ ಪ್ರೈಮರಿ ಗೇರ್, ಟೈಮಿಂಗ್ ಚೈನ್, ಆಯಿಲ್ ಪಂಪಿನ ಕಡೆ. ಹಿಡಿದಾಗ ಮಾತ್ರ ಶುರುವಾದರೆ ಕ್ಲಚ್ಚಿನ ಪುಟ್ಟ ರಿಲೀಸ್ ಬೇರಿಂಗ್. ಅದಕ್ಕೆ ಕ್ಲಚ್ ಕವರ್ ತೆಗೆದರೆ ಸಾಕು, ಇಂಜಿನ್ ಇಳಿಸಬೇಕಾಗಿಲ್ಲ.

ಉದ್ದ ಸ್ಕ್ರೂ ಡ್ರೈವರ್‌ನ ತುದಿಯನ್ನು ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿದರೆ ಸದ್ದಿನ ಜಾಗ ಸಿಗುತ್ತದೆ. ಬೇರಿಂಗ್ ಆದರೆ ಗುಂಯ್ ಜೊತೆ ಗರಗರವೂ ಕೇಳುತ್ತದೆ. ಚೈನ್, ಚಕ್ರದ ಹತ್ತಿರ ಇದನ್ನು ಮಾಡಲೇಬೇಡಿ.

ಆಯಿಲ್ ಇಳಿಸಿ ನೋಡಿ

ಈ ಪರೀಕ್ಷೆಗಳೆಲ್ಲ ಗೇರ್ ಬಾಕ್ಸಿನ ಒಳಗಡೆಗೇ ಬೆರಳು ತೋರಿಸುತ್ತಿದ್ದರೆ ಬಿಸಿ ಆಯಿಲ್ ಅನ್ನು ಶುಚಿಯಾದ ಬಿಳಿ ತಟ್ಟೆಗೆ ಇಳಿಸಿ, ಬಿಸಿಲಿಗೆ ಹಿಡಿಯಿರಿ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ಟಿನಲ್ಲಿ ಬೂದು ಬಣ್ಣದ ನುಣ್ಣನೆಯ ಹುಡಿ ಅಂಟಿದ್ದರೆ ಸಹಜ ಸವೆತ. ಉಗುರಿಗೆ ತಾಗುವಂಥ ಚೂರು, ಸೂಜಿಯಂಥ ಎಳೆ, ಹಲ್ಲಿನ ತುಣುಕು ಸಿಕ್ಕಿದರೆ ಒಳಗೆ ಉಕ್ಕು ಒಡೆದಿದೆ. ಮ್ಯಾಗ್ನೆಟ್ಟಿಗೆ ಅಂಟದ ಬಿಳಿ ಹೊಳಪು ಅಲ್ಯುಮಿನಿಯಂ, ಹಳದಿ ಹೊಳಪು ಬುಷ್ಷಿನದ್ದು. ಚೂರು ಕಂಡ ಮೇಲೆ ಗಾಡಿ ಓಡಿಸಬೇಡಿ. ತುಣುಕು ಎರಡು ಗೇರಿನ ನಡುವೆ ಸಿಕ್ಕಿದರೆ ಹಿಂದಿನ ಚಕ್ರ ಓಡುತ್ತಿರುವಾಗಲೇ ಬಿಗಿದು ನಿಲ್ಲಬಹುದು. ಗ್ಯಾರೇಜಿಗೆ ಟೆಂಪೋದಲ್ಲಿ ಹೇರಿ ಕಳಿಸಿ, ಆ ಖರ್ಚು ದೊಡ್ಡದಲ್ಲ.

ಗ್ಯಾರೇಜಿನಲ್ಲಿ "ಗೇರ್ ಬಾಕ್ಸ್ ಸದ್ದು" ಎಂದಷ್ಟೇ ಹೇಳಿ ಬರಬೇಡಿ. ಯಾವ ಗೇರು, ಎಷ್ಟು ವೇಗ, ಎಕ್ಸಿಲರೇಟರ್ ಕೊಟ್ಟಾಗಲೋ ಬಿಟ್ಟಾಗಲೋ, ಕ್ಲಚ್ ಹಿಡಿದಾಗ ಏನಾಯಿತು ಎಂದು ಹೇಳಿ, ತಟ್ಟೆಯಲ್ಲಿ ಸಿಕ್ಕ ಚೂರನ್ನೂ ಕೊಡಿ. ಒಳ್ಳೆ ಮೆಕ್ಯಾನಿಕ್‌ಗೆ ಇಷ್ಟು ಸಿಕ್ಕರೆ ಹುಡುಕಾಟವೇ ಇಲ್ಲ. ಇಂಜಿನ್ ಬಿಚ್ಚಲೇಬೇಕಾದರೆ ಎರಡು ಮಾತು ಮೊದಲೇ ಹೇಳಿಡಿ: ಗೇರ್ ಬದಲಿಸಿದರೆ ಜೋಡಿಯಾಗಿಯೇ ಬದಲಿಸಬೇಕು, ಸವೆದ ಗೇರಿನ ಎದುರು ಹೊಸದನ್ನು ಕೂರಿಸಿದರೆ ಸದ್ದು ಮತ್ತೆ ಬರುತ್ತದೆ. ಕೇಸ್ ತೆರೆದಿರುವಾಗಲೇ ಎರಡೂ ಶಾಫ್ಟಿನ ಬೇರಿಂಗ್, ಆಯಿಲ್ ಸೀಲ್ ಹೊಸದು ಹಾಕಿಸಿ. ಹಳೇ ಬಿಡಿಭಾಗಗಳನ್ನು ಕೇಳಿ ಪಡೆದು ಕಣ್ಣಾರೆ ನೋಡಿ. ಮೊದಲ 500 ಕಿಲೋಮೀಟರ್ ಆದ ಮೇಲೆ ಆಯಿಲ್ ಇನ್ನೊಮ್ಮೆ ಇಳಿಸಿ, ಮ್ಯಾಗ್ನೆಟ್ ನೋಡಿ.