ಹಾಕಿ ಕ್ಲಬ್ಬಿನ ಇತಿಹಾಸ ಬರೆಯುವಾಗ ನಾನು ಕಂಡುಕೊಂಡ ದಾರಿ

ಹುಬ್ಬಳ್ಳಿಯ ನಮ್ಮ ಹಾಕಿ ಕ್ಲಬ್ಬಿನ ಹಳೆಯ ಪುಸ್ತಕಗಳಲ್ಲಿ ಅಧ್ಯಕ್ಷರ ಹೆಸರಿದೆ, ವರ್ಗಣಿ ಕೊಟ್ಟವರ ಹೆಸರಿದೆ, ಚೆಂಡು ತಂದ ರಸೀದಿಯೂ ಇದೆ. ಬಿಸಿಲಲ್ಲಿ ಕೆಂಪು ಮಣ್ಣಿನ ಮೇಲೆ ಓಡಿ ಗೋಲು ಹೊಡೆದ ಹುಡುಗರ ಹೆಸರು ಮಾತ್ರ ಇಲ್ಲ. ಇದೇ ಕ್ಲಬ್ಬಿಗೆ ಹಾಫ್‌ಬ್ಯಾಕ್ ಆಡಿ ಬೆಳೆದವನು ನಾನು. ಆಡಿದವರ ಹೆಸರಿಲ್ಲದ ಇತಿಹಾಸ ನನಗೆ ಬೇಕಿರಲಿಲ್ಲ. ಹಾಗಾಗಿ ಮನೆ ಮನೆಗೆ ಹೋಗಿ ಕೇಳಲು ಶುರು ಮಾಡಿದೆ.

ಹಿರಿಯರಿಗೆ ಆಟ ಕಣ್ಣಿಗೆ ಕಟ್ಟಿದ ಹಾಗೆ ನೆನಪಿರುತ್ತದೆ, ಇಸವಿ ನೆನಪಿರುವುದಿಲ್ಲ. "ಯಾವ ವರ್ಷ ಕಾಕಾ?" ಅಂದರೆ "ಆಗಿನ್ನೂ ನನ್ನ ಲಗ್ನ ಆಗಿರಲಿಲ್ಲ ನೋಡಪಾ" ಅನ್ನುತ್ತಾರೆ. ಅದಕ್ಕೆ ಇಸವಿ ಕೇಳುವುದನ್ನೇ ಬಿಟ್ಟೆ. ಆಟ ಹೇಗೆ ಶುರು ಮಾಡ್ತಿದ್ರಿ ಅಂತ ಕೇಳತೊಡಗಿದೆ.

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಹಿರಿಯರೊಬ್ಬರು ಈ ಪ್ರಶ್ನೆಗೆ ಕುರ್ಚಿ ಬಿಟ್ಟು ಎದ್ದೇ ನಿಂತರು. ನನ್ನ ಕೈಗೆ ಕೊಡೆ ಕೊಟ್ಟು, ತಾವು ಊರುಗೋಲು ಹಿಡಿದರು. ನೆಲಕ್ಕೊಮ್ಮೆ, ನನ್ನ ಕೊಡೆಗೊಮ್ಮೆ, ಹೀಗೆ ಮೂರು ಸಲ ತಟ್ಟಿ, ಇಲ್ಲದ ಚೆಂಡನ್ನು ಸರಕ್ಕನೆ ಎಳೆದುಕೊಂಡರು. "ಹಿಂಗ ಬುಲ್ಲಿ ಮಾಡಿ ಚಾಲೂ ಮಾಡತಿದ್ವಿ." ನನಗೆ ಅಷ್ಟೇ ಸಾಕಿತ್ತು. ಇಬ್ಬರು ಎದುರುಬದುರು ನಿಂತು ಹೀಗೆ ಸ್ಟಿಕ್ ತಟ್ಟಿ ಚೆಂಡಿಗೆ ಪೈಪೋಟಿ ಮಾಡುವುದೇ ಬುಲ್ಲಿ. ಪಂದ್ಯವನ್ನು ಅದರಿಂದ ಶುರು ಮಾಡುವ ಪದ್ಧತಿ 1981ರಲ್ಲಿ ಹೋಗಿ, ಹಿಂದಕ್ಕೆ ಪಾಸ್ ಕೊಡುವ ಪದ್ಧತಿ ಬಂತು. ಅಂದರೆ ಅವರು ನೆನಪು ಮಾಡಿಕೊಂಡ ಪಂದ್ಯ ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದು. ಇನ್ನೊಬ್ಬರು, ಆಫ್‌ಸೈಡ್ ಕೊಟ್ಟು ನಮ್ಮ ಗೋಲು ತೆಗೆದುಹಾಕಿದರು ಅಂತ ಈಗಲೂ ಸಿಟ್ಟಾಗುತ್ತಾರೆ. ಎದುರಾಳಿ ರಕ್ಷಕರನ್ನು ದಾಟಿ ಗೋಲಿನ ಬಳಿ ಮೊದಲೇ ನಿಂತವನಿಗೆ ಚೆಂಡು ಕೊಡಬಾರದು ಎನ್ನುವ ಈ ಆಫ್‌ಸೈಡ್ ನಿಯಮವನ್ನು ಹಾಕಿಯಲ್ಲಿ 1996ರಲ್ಲಿ ಪ್ರಯೋಗಕ್ಕೆಂದು ತೆಗೆದು, 1998ರಲ್ಲಿ ಕಾಯಂ ಆಗಿ ಕೈಬಿಟ್ಟರು. ಹಳ್ಳಿ-ಪಟ್ಟಣದ ಮೈದಾನಕ್ಕೆ ಹೊಸ ನಿಯಮ ಸ್ವಲ್ಪ ತಡವಾಗಿ ಬರುತ್ತದೆ, ಆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ತಾರೀಖು ಹರಿದುಹೋದ ಸರ್ಟಿಫಿಕೇಟುಗಳಿಗೂ ಇದೇ ಉಪಾಯ: ಮೇಲೆ ಯಾವ ರಾಜ್ಯ, ಯಾವ ಜಿಲ್ಲೆಯ ಹೆಸರಿದೆ ಅಂತ ನೋಡುವುದು. ನಮ್ಮ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ 1973ರವರೆಗೆ ಮೈಸೂರು ರಾಜ್ಯ, ಅಲ್ಲಿಂದ ಈಚೆ ಕರ್ನಾಟಕ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ರೈಲ್ವೆ ಕಪ್ಪುಗಳ ಮೇಲಿನ ಹೆಸರಂತೂ ಇನ್ನೂ ಚೆನ್ನಾಗಿ ಸುಳಿವು ಕೊಡುತ್ತದೆ: 1951ರ ತನಕ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1966ರ ತನಕ ದಕ್ಷಿಣ ರೈಲ್ವೆ, ನಂತರ ದಕ್ಷಿಣ ಮಧ್ಯ, 2003ರಿಂದ ನೈಋತ್ಯ. ನಮ್ಮಲ್ಲಿ ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನ ಮುದ್ರೆಯ ಸ್ಟಿಕ್ ಒಂದಿದೆ. ದೇಶ ಒಡೆದ ಮೇಲೆ ಅಲ್ಲಿನ ಬಹಳ ಕುಶಲಕರ್ಮಿಗಳು ಜಲಂಧರಕ್ಕೆ ಬಂದರು, ಹಾಗಾಗಿ ಸ್ಟಿಕ್ ಅದಕ್ಕಿಂತ ಹಿಂದಿನದಿರಬಹುದು. ಆದರೆ ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ಸುತ್ತಿ ಎಷ್ಟೋ ವರ್ಷ ಆಡಿದ ಸ್ಟಿಕ್ ಅದು. ಅದರ ಮೇಲೆ ಕ್ಲಬ್ಬಿನ ವಯಸ್ಸು ಹೇಳುವುದು ಸರಿಯಲ್ಲ, ಹೇಳಲೂ ಇಲ್ಲ.

ನಮ್ಮ ಕಡೆಯ ಹಾಕಿ ಅಂದರೆ ಸೆಟ್ಲಮೆಂಟ್ ಬಿಟ್ಟು ಮಾತಾಡುವ ಹಾಗಿಲ್ಲ. ಹುಬ್ಬಳ್ಳಿಯದೇ ಇರಲಿ, ಗದಗ-ಬೆಟಗೇರಿಯದೇ ಇರಲಿ. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆಯೊಂದು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಎಂದಿತು. ಅದರಡಿ ಜನರನ್ನು ತಂದು ಕೂಡಿಹಾಕಿದ ಜಾಗಗಳು ಇವು. ದಿನಾ ಹಾಜರಿ ಕೊಡಬೇಕಿತ್ತು. 1952ರಲ್ಲಿ ದೇಶಾದ್ಯಂತ ಆ ಕಾಯ್ದೆ ರದ್ದಾಯಿತು. ಅಂಥ ಮನೆಗಳ ಮಕ್ಕಳೇ ನಮ್ಮೂರ ಹಾಕಿಯನ್ನು ಎತ್ತಿ ಹಿಡಿದವರು. ಹಾಜರಿ ಪುಸ್ತಕದಲ್ಲಿ ಅವರ ಹಿರಿಯರ ಹೆಸರು ಬರೆದುಕೊಳ್ಳಲು ಸರಕಾರ ಮರೆಯಲಿಲ್ಲ. ಆಟದ ಪುಸ್ತಕದಲ್ಲಿ ಇವರ ಹೆಸರು ಬರೆಯಲು ನಾವು ಮರೆಯುವುದು ನ್ಯಾಯವೇ? ಈ ಅಧ್ಯಾಯವನ್ನು ನಾನೊಬ್ಬನೇ ಬರೆಯಲಿಲ್ಲ. ಅಲ್ಲಿನ ಹಿರಿಯ ಆಟಗಾರರ ಮುಂದೆ ಸಾಲು ಸಾಲಾಗಿ ಓದಿ, ಅವರು ತೆಗೆ ಅಂದದ್ದನ್ನು ತೆಗೆದೆ.

ಫೋಟೋಗಳ ವಿಷಯದಲ್ಲಿ ಹೆಚ್ಚು ನೆರವಾದವರು ಮನೆಯ ಹೆಣ್ಣುಮಕ್ಕಳು. ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟು ಕಾಯ್ದವರು ಅವರು. ಒಂದು ತಂಡದ ಫೋಟೋ ನೋಡಿ ಅಜ್ಜಿಯೊಬ್ಬರು ತಟ್ಟನೆ ಹೇಳಿದರು: "ತಮ್ಮಾ, ಎಡಕ್ಕ ಕುಂತಾಂವ ನಮ್ಮನಿಯವರಲ್ಲ, ನಮ್ಮ ಭಾವ. ಅವರ ಕಿವಿ ನೋಡು." ಕ್ಲಬ್ಬಿನವರೆಲ್ಲ ಆ ಮುಖಕ್ಕೆ ಅಜ್ಜಿಯ ಗಂಡನ ಹೆಸರೇ ಹೇಳುತ್ತಾ ಬಂದಿದ್ದರು. ಅಂದಿನಿಂದ ಯಾವ ಫೋಟೋವನ್ನೂ ಇಬ್ಬರು ಬೇರೆ ಬೇರೆಯಾಗಿ ಗುರುತಿಸದೆ ಅಚ್ಚಿಗೆ ಕೊಡಲಿಲ್ಲ.

ಪುಸ್ತಕ ಸಣ್ಣದೇ. ಪ್ರತಿ ಆಟಗಾರನ ಹೆಸರಿನ ಮುಂದೆ ಅಪ್ಪನ ಹೆಸರು, ಓಣಿ, ತಂಡದಲ್ಲಿ ಆಡುತ್ತಿದ್ದ ಜಾಗ ಹಾಕಿದ್ದೇವೆ. ಹೆಸರು ಸಿಗದ ಮುಖಗಳನ್ನೂ ಬಿಟ್ಟಿಲ್ಲ, ಕೆಳಗೆ ಖಾಲಿ ಗೆರೆ ಇದೆ. ಗೊತ್ತಿದ್ದವರು ಬಂದು ಬರೆಸುತ್ತಿದ್ದಾರೆ. ಈಗ ಹುಡುಗಿಯರ ತಂಡವೂ ಮೈದಾನಕ್ಕೆ ಇಳಿಯುತ್ತದೆ. ಪಂದ್ಯ ಮುಗಿದ ಕೂಡಲೇ ಹನ್ನೊಂದು ಜನರ ಪೂರ್ತಿ ಹೆಸರು, ಬದಲಿಗೆ ಇಳಿದವರು, ಗೋಲು ಹೊಡೆದವರು ಎಲ್ಲ ಒಂದು ದಪ್ಪ ನೋಟ್‌ಬುಕ್ಕಿಗೆ ಹೋಗುತ್ತದೆ. ಬರೆಯುವ ಕೆಲಸ ಗೋಲ್‌ಕೀಪರ್‌ದು. ಅವಳ ಅಕ್ಷರ ಚೆನ್ನಾಗಿದೆ.