ಪೋಷಕರ ಸಭೆಗೆ ಅಜ್ಜಿಯರನ್ನೇ ಕರೆದೆವು

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ನಮ್ಮ ಕಡೆ ಮಳೆ ಕಡಿಮೆ. ಬಿತ್ತುವುದು ಶೇಂಗಾ, ನೀರಿದ್ದವರು ಈರುಳ್ಳಿ, ಉಳಿದಂತೆ ಕುರಿ. ಶೇಂಗಾ ಕಿತ್ತು ಮುಗಿದ ಮೇಲೆ ಹೊಲದಲ್ಲಿ ಕೆಲಸ ಇರುವುದಿಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ದುಡಿಯುವ ಜನ ಗುಳೆ ಹೊರಡುತ್ತಾರೆ. ಕೆಲವರು ಚನ್ನಗಿರಿ ಕಡೆ ಅಡಿಕೆ ಸುಲಿಯಲು, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಜಾಸ್ತಿ ಜನ ಬೆಂಗಳೂರಿಗೆ ಗಾರೆ ಕೆಲಸಕ್ಕೆ.

ಇಂಥ ಊರಲ್ಲಿ ಪೋಷಕರ ಸಭೆ ಅಂದರೆ ಯಾರು ಬರಬೇಕು? ಅಪ್ಪ ಅಮ್ಮ ಊರಲ್ಲೇ ಇಲ್ಲ. ಮಗುವಿಗೆ ತಲೆ ಬಾಚಿ ಕಳಿಸುವುದು ಅಜ್ಜಿ. ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅಜ್ಜಿ. ನಾಳೆ ಹುಡುಗ ಶಾಲೆಗೆ ಬರುತ್ತಾನೋ, ಕುರಿ ಹಿಂದೆ ಹೋಗುತ್ತಾನೋ ಅನ್ನುವುದೂ ಅವರದೇ ತೀರ್ಮಾನ. ಹಾಗಾದರೆ ಸಭೆಗೆ ಅವರನ್ನೇ ಕರೆಯಬೇಕು ಅಲ್ವಾ?

ಇದಕ್ಕೆ ಕಾನೂನಿನಲ್ಲೂ ದಾರಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಶಾಲಾ ಸಮಿತಿಯ ಬಗ್ಗೆ ಹೇಳುತ್ತದೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆ ತಾಯಿ ಅಥವಾ ಪಾಲಕರು ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ಪಾಲಕರು ಅಂದಮೇಲೆ ಅಜ್ಜಿಯೂ ಬಂದರು. ನಮ್ಮ ಶಾಲೆಯ ಇಂಥ ಸಮಿತಿಯಾದ ಎಸ್‌ಡಿಎಂಸಿಗೆ ಅಜ್ಜಿಯರ ಹೆಸರು ಬಂದಾಗ 'ಹೆಬ್ಬೆಟ್ಟು ಒತ್ತೋರು ಸಮಿತೀಲಿ ಏನ್ ಮಾಡ್ತಾರೆ' ಎಂದು ಕೆಲವರು ಕೇಳಿದರು. ಮಕ್ಕಳ ದಿನದಿನದ ವಿಷಯ ಅವರಷ್ಟು ಗೊತ್ತಿರುವವರು ಯಾರಿದ್ದಾರೆ ಹೇಳಿ ಅಂದೆ. ಆಮೇಲೆ ಯಾರೂ ಬೇಡ ಅನ್ನಲಿಲ್ಲ.

ಸಭೆಯ ಹೊತ್ತು ಬದಲಾಯಿಸಿದೆವು. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಒಬ್ಬರೂ ಬರುವುದಿಲ್ಲ. ಸಂತೆ ದಿನ, ಪೆನ್ಶನ್ ಹಣಕ್ಕೆ ಪೋಸ್ಟ್ ಆಫೀಸಿಗೆ ಹೋಗುವ ದಿನವೂ ಬೇಡ. ಸಂಜೆ ಕುರಿ ದೊಡ್ಡಿಗೆ ಬಂದ ಮೇಲೆ, ರೊಟ್ಟಿಗೆ ಒಲೆ ಹಚ್ಚುವ ಮೊದಲು ಒಂದು ಗಂಟೆ ಬಿಡುವು ಸಿಗುತ್ತದೆ. ಅದೇ ನಮ್ಮ ಹೊತ್ತು.

ಜಾಗದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಗುಡಿ ಕಟ್ಟೆಯ ಮೇಲೆ ಕೂರೋಣ, ತಂಪಾಗಿರುತ್ತದೆ ಎಂದು ಸಲಹೆ ಬಂತು. ಆ ಕಟ್ಟೆ ಮೇಲೆ ಎಲ್ಲ ಕೇರಿಯ ಅಜ್ಜಿಯರೂ ಕೂರುವುದಿಲ್ಲ. ಕೆಲವರು ದೂರದಲ್ಲಿ ನಿಂತೇ ಕೇಳಿ ಹೋಗುತ್ತಾರೆ. ಶಾಲೆಯ ಅಂಗಳ ಹಾಗಲ್ಲ. ಅಲ್ಲಿ ಒಂದೇ ಜಮಖಾನ ಹಾಸಿ ಎಲ್ಲರನ್ನೂ ಕೂರಿಸಿದೆವು. ಮೊದಮೊದಲು ಜಮಖಾನದ ನಡುವೆ ಸ್ವಲ್ಪ ಜಾಗ ಖಾಲಿ ಉಳಿಯುತ್ತಿತ್ತು. ಆ ಖಾಲಿ ಜಾಗದಲ್ಲಿ ಮಕ್ಕಳನ್ನು ಕೂರಿಸಿ ಓದಿಸತೊಡಗಿದೆವು. ತಮ್ಮ ಮೊಮ್ಮಗಳ ದನಿ ಕೇಳಲು ಎಲ್ಲರೂ ಹತ್ತಿರ ಸರಿದರು.

ಅಜ್ಜಿಯರಿಗೆ ದೊಡ್ಡ ಅನುಮಾನ ಇದ್ದದ್ದು ನಲಿಕಲಿ ಮೇಲೆ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ಮೇಲೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಕಾರ್ಡು ಹಿಡಿದು ಗುಂಪುಗುಂಪಾಗಿ ಕೂತಿರುತ್ತಾರೆ. 'ಅಲ್ಲ ಮೇಡಮ್ಮ, ಯಾವಾಗ ಕೇಳಿದ್ರೂ ನಮ್ ಹುಡ್ಗ ಆಟ ಆಡ್ದೆ ಅಂತಾನೆ. ಓದೋದ್ ಯಾವಾಗ?' ಎಂದು ಒಬ್ಬ ಅಜ್ಜಿ ಕೇಳಿದರು. ಇನ್ನೊಬ್ಬರು, 'ಅ ಆ ಇ ಈ ಹೇಳಲೇ ಬರಲ್ಲ ನಮ್ ಹುಡ್ಗೀಗೆ' ಅಂದರು.

ನ್ಯಾಯವಾದ ಪ್ರಶ್ನೆ. ಸುಮ್ನೆ 'ಇದು ಇಲಾಖೆ ಪದ್ಧತಿ' ಅಂದುಬಿಟ್ಟರೆ ಆಗಲ್ಲ. ಅವರನ್ನು ತರಗತಿಯೊಳಗೇ ಕರೆದುಕೊಂಡು ಹೋದೆವು. ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಆಕಾರದಲ್ಲಿ ಒಂದಕ್ಕೊಂದು ಹತ್ತಿರ. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅಗಸ, ಅರಸ, ಗರಗಸ ಅಂತ ಪೂರ್ತಿ ಪದಗಳನ್ನೇ ಓದುತ್ತದೆ. ಒಂದನೇ ತರಗತಿಯ ಹುಡುಗಿಯೊಬ್ಬಳು ಕಾರ್ಡು ಜೋಡಿಸಿ 'ಅರಸ' ಅಂತ ಓದಿದಾಗ ಅವಳ ಅಜ್ಜಿ ಆ ಕಾರ್ಡುಗಳನ್ನು ಕೈಗೆ ತೆಗೆದುಕೊಂಡು, 'ಇದ್ರಾಗೆ ಅ ಯಾವ್ದು?' ಎಂದು ಕೇಳಿದರು. ಮೊಮ್ಮಗಳೇ ತೋರಿಸಿದಳು.

ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಗೋಡೆಯ ಮೇಲಿನ ಕಲಿಕಾ ಏಣಿ, ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬ ಪ್ರಗತಿ ನೋಟ, ಕೋಣೆಯೊಳಗೆ ಮೇಲೆ ಕಟ್ಟಿದ ದಾರದ ಚಪ್ಪರದಲ್ಲಿ ತೂಗುಬಿಟ್ಟ ಮಕ್ಕಳ ಚಿತ್ರ ಎಲ್ಲವನ್ನೂ ತೋರಿಸಿದೆವು. ಓದಲು ಬಾರದವರಿಗೂ ಏಣಿ ಅರ್ಥ ಆಗುತ್ತದೆ. ಈಗ ದಾರಿಯಲ್ಲಿ ಸಿಕ್ಕರೆ 'ನಮ್ಮೋನು ಎಷ್ಟನೇ ಮೆಟ್ಲಾಗೆ ಅವ್ನೆ?' ಎಂದು ಕೇಳುತ್ತಾರೆ. ಪೋಷಕರು ಶಾಲೆಗೆ ಕೇಳಬೇಕಾದ ಪ್ರಶ್ನೆ ಇದೇ ಅಂತ ನನ್ನ ಗಟ್ಟಿ ನಂಬಿಕೆ. ಬಣ್ಣ ಬಳಿಸಲು ಚಂದಾ ಎತ್ತುವುದನ್ನೇ ಸಮುದಾಯದ ಸಹಕಾರ ಅನ್ನುವವರಿದ್ದಾರೆ. ನಾನು ಅದನ್ನು ಒಪ್ಪಲ್ಲ.

ಕಲಿಸುವುದಕ್ಕೂ ಅಜ್ಜಿಯರು ಬಂದರು. ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅಷ್ಟು ದೊಡ್ಡ ಭಂಡಾರ ಎಲ್ಲರಲ್ಲೂ ಇರಲ್ಲ, ಆದರೆ ಸೋಬಾನೆ ಪದ, ಗೊಲ್ಲರ ವೀರ ಜುಂಜಪ್ಪನ ಕಥೆ, ಒಗಟು ಗೊತ್ತಿಲ್ಲದ ಅಜ್ಜಿ ನಮ್ಮಲ್ಲಿ ಅಪರೂಪ. ಶನಿವಾರ ಒಬ್ಬೊಬ್ಬರು ಬಂದು ಹೇಳುತ್ತಾರೆ. ಐದು, ಆರನೇ ತರಗತಿಯವರು ಕೇಳಿ ಬರೆದುಕೊಳ್ಳುತ್ತಾರೆ. ಉಕ್ತಲೇಖನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಬರೆದದ್ದನ್ನು ಓದಿ ಹೇಳಿದಾಗ 'ಅಲ್ಲಿ ಒಂದ್ ಸೊಲ್ಲು ಬಿಟ್ಟೆ ಕಣಪ್ಪಾ' ಎಂದು ಅಜ್ಜಿಯೇ ತಿದ್ದುತ್ತಾರೆ.

ಬಿಸಿಯೂಟದ ರುಚಿ ನೋಡಲೂ ಸರದಿಯ ಮೇಲೆ ಬರುತ್ತಾರೆ. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ ನೂರು ಗ್ರಾಂ ಅಕ್ಕಿ, ಅದರ ಮೇಲಿನವರಿಗೆ ನೂರೈವತ್ತು ಎಂದು ಅವರಿಗೆ ಗೊತ್ತು. ಬೇಳೆ ತೆಳ್ಳಗಾದರೆ ಅಡುಗೆಯವರಿಗೆ ಅಲ್ಲೇ ಹೇಳುತ್ತಾರೆ.

ಗುಳೆ ಹೋಗುವ ಕಾಲಕ್ಕೆ ನಮ್ಮ ನಿಜವಾದ ಕೆಲಸ. ಶೇಂಗಾ ಬಿಡಿಸುವ ಹೊತ್ತಿಗೇ ಯಾರ ಮನೆಯವರು ಹೊರಡುತ್ತಾರೆ, ಯಾವ ಮಗು ಉಳಿಯುತ್ತದೆ ಎಂದು ಅಜ್ಜಿಯರಿಂದ ತಿಳಿದುಬಿಡುತ್ತದೆ. ಉಳಿಸಿಕೊಳ್ಳಲು ಆಗುವ ಮಕ್ಕಳನ್ನು ಉಳಿಸಿಕೊಳ್ಳುವಂತೆ ಕೇಳುತ್ತೇವೆ. ಹಾಗೆ ಊರಲ್ಲೇ ಉಳಿದ ಮಕ್ಕಳು ಓದುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬೆಂಗಳೂರಿನಲ್ಲಿರುವ ಅಮ್ಮನಿಗೆ ವಾಟ್ಸಾಪ್ ಮಾಡುತ್ತೇವೆ. ರಾತ್ರಿ ಕೆಲಸ ಮುಗಿಸಿ ಅವರು ಕೇಳುತ್ತಾರೆ.

ಹೋಗಲೇಬೇಕಾದವರಿಗೆ ಅಡ್ಡ ನಿಲ್ಲಬಾರದು. ಟಿಸಿ ಕೇಳಿದರೆ ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಕಾಯ್ದೆಯ 5ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಇಲಾಖೆಯ ವಿದ್ಯಾರ್ಥಿ ದಾಖಲೆಯಲ್ಲಿರುವ ಮಗುವಿನ ಎಸ್‌ಎಟಿಎಸ್ ನಂಬರ್, ನಮ್ಮ ಶಾಲೆಯ ಹೆಸರು, ನನ್ನ ಫೋನ್ ನಂಬರ್ ಬರೆದ ಚೀಟಿಯನ್ನು ಅಪ್ಪನ ಕೈಗೆ ಕೊಡುತ್ತೇನೆ. ಅಲ್ಲಿನ ಶಾಲೆಯವರು ಫೋನ್ ಮಾಡಿದರೆ ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಈಗ ನಾವು ಹಿಡಿದಿರುವುದು ಏಳನೇ ತರಗತಿ ಮುಗಿಸಿದ ಹೆಣ್ಣುಮಕ್ಕಳ ವಿಷಯ. ಹೈಸ್ಕೂಲು ಬೇರೆ ಊರಲ್ಲಿದೆ. 'ಒಬ್ಬಳನ್ನೇ ಹೆಂಗ್ ಕಳ್ಸೋದು' ಅನ್ನುವ ಅಜ್ಜಿಯ ಭಯವನ್ನು ತಳ್ಳಿಹಾಕಲು ಆಗಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದ್ದರಿಂದ ಅಜ್ಜಿಯರನ್ನೇ ಒಟ್ಟಿಗೆ ಬಸ್ ಹತ್ತಿಸಿಕೊಂಡು ಹೋಗಿ ಹೈಸ್ಕೂಲು ತೋರಿಸಿ ಬಂದೆವು. ಅವರು ನೀರು ನೋಡಿದರು, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ ಎಂದು ಎಳೆದು ನೋಡಿದರು, ಅಲ್ಲಿನ ಟೀಚರ್ ಜೊತೆ ಮಾತಾಡಿದರು. ಹುಡುಗಿಯರು ಒಟ್ಟಿಗೇ ಹೋಗಬೇಕು, ಒಟ್ಟಿಗೇ ಬರಬೇಕು ಎಂದು ಷರತ್ತು ಹಾಕಿ ಒಪ್ಪಿದ್ದಾರೆ. ಸಂಜೆಯ ಬಸ್ಸು ಶಾಲೆ ಬಿಡುವ ಮೊದಲೇ ಹೋಗಿಬಿಡುತ್ತದೆ. ಅದನ್ನು ಅರ್ಧ ಗಂಟೆ ತಡ ಮಾಡಿ ಎಂದು ಎಸ್‌ಡಿಎಂಸಿಯಿಂದ ಡಿಪೋಗೆ ಅರ್ಜಿ ಬರೆದಿದ್ದೇವೆ. ಅದರಲ್ಲಿ ಅಜ್ಜಿಯರ ಹೆಬ್ಬೆಟ್ಟೂ ಇದೆ, ಮೊಮ್ಮಕ್ಕಳ ಸಹಿಯೂ ಇದೆ. ಮುಂದಿನ ವಾರ ಅದನ್ನು ಹಿಡಿದು ಅವರೇ ಚಳ್ಳಕೆರೆಗೆ ಹೋಗುತ್ತಾರಂತೆ.